ದಿಬ್ಬದ ತೋಟ, ತಗ್ಗಿನ ತೋಟ

ನದಿಯ ದಂಡೆಯ ಆ ಆಶ್ರಮದಲ್ಲಿ ಮೃಡಯ್ಯ ಒಂಬತ್ತು ವರ್ಷದಿಂದ ಶಿಷ್ಯನಾಗಿದ್ದ. ಬೊಮ್ಮಣ್ಣ ಹೋದ ವರ್ಷ ಬಂದವನು.

ಗುರುಗಳು ಇಬ್ಬರಿಗೂ ಒಂದೊಂದು ತುಂಡು ನೆಲ ತೋರಿಸಿದರು. "ಹೂವಿನ ತೋಟ ಮಾಡಿ" ಎಂದರು. ಬೇರೇನೂ ಹೇಳಲಿಲ್ಲ.

ಮೃಡಯ್ಯನ ಪಾಲಿಗೆ ಬಂದದ್ದು ಕಲ್ಲುದಿಬ್ಬ. ನಟ್ಟನಡು ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೂ ಬಿಸಿಲು. ಬೊಮ್ಮಣ್ಣನದು ಅದರ ಕೆಳಗಿನ ತಗ್ಗು. ಬಚ್ಚಲ ನೀರು ಕಾಲುವೆಯಲ್ಲಿ ಹರಿದುಬಂದು ಅಲ್ಲಿ ನಿಲ್ಲುತ್ತಿತ್ತು. ಅತ್ತಿಮರದ ನೆರಳೂ ಇತ್ತು.

ಬೊಮ್ಮಣ್ಣ ಅಂಚಿಗೆ ಕೇದಗೆ ನೆಟ್ಟ. ಕೆಸರಿನಲ್ಲಿ ಸುಗಂಧಿಯ ಗೆಡ್ಡೆ ಊರಿದ. ಮಳೆ ಹಿಡಿಯುತ್ತಲೇ ಬಿಳಿ ಹೂ ಬಿಟ್ಟವು. ಪರಿಮಳ ದಿಬ್ಬ ಹತ್ತಿ ಮೃಡಯ್ಯನ ಮೂಗಿನವರೆಗೂ ಬಂತು.

ದಿನವೂ ಬೆಳಿಗ್ಗೆ ಗುರುಗಳು ಪೂಜೆಗೆ ಹೂ ಕೀಳಲು ತಗ್ಗಿಗೆ ಹೋಗುವರು. ಕಿತ್ತಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವರು. ಮೃಡಯ್ಯ ಮೇಲಿನಿಂದ ನೋಡುತ್ತಿದ್ದ.

"ಒಂಬತ್ತು ವರ್ಷ ಸೇವೆ ಮಾಡಿದವನು ನಾನು," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುವನು. "ನನ್ನ ತೋಟದಿಂದ ಒಂದು ಹೂವನ್ನೂ ಅವರು ಕಿತ್ತಿಲ್ಲ."

ಕೀಳಲು ಅಲ್ಲಿ ಹೂವೇ ಇರಲಿಲ್ಲ.

ಅವನು ಸಂಪಿಗೆ ಸಸಿ ತಂದು ನೆಟ್ಟ. ನದಿಯಿಂದ ಕೊಡಗಟ್ಟಲೆ ನೀರು ಹೊತ್ತ. ಬೇಸಿಗೆಗೆ ಅದು ಕಡ್ಡಿಯಾಯಿತು. ಒಂದು ಮುಂಜಾನೆ ಬೊಮ್ಮಣ್ಣ ಏಳುವ ಮೊದಲು ತಗ್ಗಿಗಿಳಿದು ಸುಗಂಧಿಯ ನಾಲ್ಕು ಗೆಡ್ಡೆ ಕದ್ದು ತಂದ. ಹದಿನೈದು ದಿನದಲ್ಲಿ ಅವು ಒಣಶುಂಠಿಯಂತಾದವು.

ಕಲ್ಲಿನ ಸಂದಿಯಲ್ಲಿ ತಂಗಡಿ ಮತ್ತು ಗೋರಂಟೆ ತಾವಾಗಿಯೇ ಚಿಗುರುತ್ತಿದ್ದವು. ಅವನ್ನು ಕಂಡರೆ ಅವನಿಗೆ ಇನ್ನೂ ಸಿಟ್ಟು. "ಕಾಡುಗಿಡ" ಎಂದು ಗುದ್ದಲಿಯಿಂದ ಕೊಚ್ಚಿ ಹಾಕುವನು.

ಕೊನೆಗೊಂದು ದಿನ ಅವನು ಬಚ್ಚಲ ಕಾಲುವೆಯ ಬಾಯಿಗೆ ಕಲ್ಲು ಜೋಡಿಸಿ, ಮೇಲೆ ಮಣ್ಣು ಮೆತ್ತಿದ. ನೀರು ಇನ್ನೊಂದು ದಿಕ್ಕಿಗೆ ಹರಿದು ಮರಳಿನಲ್ಲಿ ಇಂಗಿತು. ಯಾರಿಗೂ ದಕ್ಕಲಿಲ್ಲ.

ಕೆಲವು ದಿನಗಳ ಬಳಿಕ ಗುರುಗಳ ಮುಂದೆ ಹೋಗಿ ಕೈ ಮುಗಿದು ನಿಂತ.

"ಗುರುಗಳೇ, ಒಳ್ಳೆಯ ನೆಲವನ್ನು ನನಗೇಕೆ ಕೊಡಲಿಲ್ಲ?"

"ಬೊಮ್ಮಣ್ಣನ ನೆಲ ಒಳ್ಳೆಯದೇ?"

"ಕಣ್ಣಿಗೆ ಕಾಣುತ್ತದಲ್ಲ!"

"ನನಗೆ ಈಚೆಗೆ ಕಣ್ಣು ಮಂಜು. ನೀನೇ ಹೇಳು, ಅಲ್ಲಿ ಏನೇನಿದೆ?"

ಮೃಡಯ್ಯ ತಡವರಿಸಲಿಲ್ಲ. "ಕೇದಗೆ ಏಳು ಬುಡ. ಮೂರನೆಯದರ ಸುಳಿಗೆ ಹುಳ ಬಿದ್ದಿದೆ. ಸುಗಂಧಿ ನಲವತ್ತರ ಮೇಲಿದೆ. ಬೆಳಗಿನ ಬಿಸಿಲು ಅತ್ತಿಮರದ ಸಂದಿಯಿಂದ ಒಂದು ಗಳಿಗೆ ಬೀಳುತ್ತದೆ, ಅಷ್ಟೇ. ನೀರು ಬರುವುದು ನಿಂತು ನಾಲ್ಕು ದಿನವಾಯಿತು, ಎಲೆಯ ತುದಿ ಕೆಂಪಗಾಗುತ್ತಿದೆ."

"ನಾಲ್ಕು ದಿನವೇ?" ಎಂದರು ಗುರುಗಳು. "ನೀರು ಕಡಿಮೆಯಾದಂತಿದೆ ಎಂದು ಬೊಮ್ಮಣ್ಣ ನನಗೆ ಹೇಳಿದ್ದು ನಿನ್ನೆ ಸಂಜೆ. ಯಾವಾಗಿನಿಂದ ಎಂದು ಅವನಿಗೇ ಗೊತ್ತಿಲ್ಲ."

ಮೃಡಯ್ಯನ ತಲೆ ತಗ್ಗಿತು.

"ಇರಲಿ. ಈಗ ನಿನ್ನ ದಿಬ್ಬದಲ್ಲಿ ಏನೇನಿದೆ ಹೇಳು."

ಅವನು ಬಹಳ ಹೊತ್ತು ಯೋಚಿಸಿದ. "ಕಲ್ಲು," ಎಂದ.

ಗುರುಗಳು ಬೈಯಲಿಲ್ಲ. "ಹೋಗು, ಕಾಲುವೆ ಬಿಡಿಸು. ಬೊಮ್ಮಣ್ಣನಿಗೆ ನೀನೇ ಹೇಳು. ಆಮೇಲೆ ನಿನ್ನ ಗುದ್ದಲಿಯನ್ನು ತಂದು ನನಗೆ ಕೊಡು. ಮಳೆಗಾಲ ಮುಗಿಯುವವರೆಗೆ ದಿಬ್ಬದಲ್ಲಿ ಸುಮ್ಮನೆ ಕುಳಿತಿರು."

ಮೃಡಯ್ಯ ಕಾಲುವೆ ಬಿಡಿಸಿ, ಬೊಮ್ಮಣ್ಣನಿಗೆ ಹೇಳಿದ. ಬೊಮ್ಮಣ್ಣ ಹತ್ತು ದಿನ ಊಟದ ಸಾಲಿನಲ್ಲಿ ಅವನ ಪಕ್ಕದಲ್ಲಿ ಕೂರಲಿಲ್ಲ.

ಮೃಡಯ್ಯ ದಿಬ್ಬದ ಮೇಲೆ ಕುಳಿತ. ಮೊದಮೊದಲು ಕಣ್ಣು ತಗ್ಗಿನ ಕಡೆಗೇ ಜಾರುತ್ತಿತ್ತು. ಆಮೇಲಾಮೇಲೆ ಬೇಸರಕ್ಕೆ ಕಾಲಬುಡವನ್ನು ನೋಡತೊಡಗಿದ.

ಮಳೆ ಬಿದ್ದ ಅರೆಗಳಿಗೆಯಲ್ಲಿ ದಿಬ್ಬ ಒಣಗಿಬಿಡುತ್ತಿತ್ತು. ಆದರೆ ದೊಡ್ಡ ಬಂಡೆಗಳ ಮೂಡಣ ಬುಡದಲ್ಲಿ ಒಂದು ಹಿಡಿ ತೇವ ಉಳಿಯುತ್ತಿತ್ತು. ತಾನು ಕೊಚ್ಚಿದ್ದ ತಂಗಡಿಯ ಬುಡದಿಂದ ಒಂದಕ್ಕೆ ನಾಲ್ಕು ಚಿಗುರು ಬಂದಿದ್ದವು. ಅವನು ಬೆರಳಿನಿಂದ ಮಣ್ಣು ಕೆದಕಿ ಬೇರನ್ನು ನೋಡಿದ. ಅದು ಬಂಡೆಯ ಸೀಳಿನೊಳಗೆ ಇಳಿದು ಹೋಗಿತ್ತು, ಎಲ್ಲಿಯವರೆಗೆ ಎಂದು ಕಾಣಲಿಲ್ಲ.

ಗುದ್ದಲಿ ಇಲ್ಲದೆ ಬರಿಗೈಯಲ್ಲೇ ಅವನು ಗೋರಂಟೆಯ ಬೀಜ ಆಯ್ದು ತೇವವಿದ್ದ ಕಡೆಗೆಲ್ಲ ಊರಿದ. ನೀರು ಹೊರುವುದನ್ನು ಬಿಟ್ಟ.

ಮುಂದಿನ ವರ್ಷ ಮಳೆಗಾಲ ಕಳೆದಾಗ ದಿಬ್ಬದ ತುಂಬ ತಂಗಡಿಯ ಹಳದಿ, ನಡುನಡುವೆ ಗೋರಂಟೆಯ ನೇರಳೆ. ಹೊಳೆಯ ಆಚೆ ದಡದವರೂ ನಿಂತು ನೋಡಿದರು. ಒಂದು ಬೆಳಿಗ್ಗೆ ಗುರುಗಳು ಹೂಬುಟ್ಟಿ ಹಿಡಿದು ದಿಬ್ಬ ಹತ್ತಿದರು.

ಹಿಂದೆಯೇ ಬೊಮ್ಮಣ್ಣನೂ ಹತ್ತಿ ಬಂದ. ಸುತ್ತ ನೋಡಿದ. ಮುಖ ಸಣ್ಣದಾಯಿತು.

"ಅಣ್ಣ, ನಿಮ್ಮದೇ ಪುಣ್ಯದ ನೆಲ. ನೀರೂ ಬೇಡ, ಕಾವಲೂ ಬೇಡ. ನಾನು ವರ್ಷವೆಲ್ಲ ಕೆಸರು ತುಳಿದು ಕಾಲು ಕೊಳೆಸಿಕೊಂಡೆ. ತಂಗಡಿಯ ಬೀಜ ಕದ್ದೊಯ್ದು ಹಾಕಿದೆ, ಎಲ್ಲ ಕೊಳೆತವು."

"ಅಲ್ಲಿ ಅದು ಬರುವುದಿಲ್ಲ ತಮ್ಮಾ," ಎಂದ ಮೃಡಯ್ಯ. "ಬೇರು ನೀರಿನಲ್ಲಿ ನಿಲ್ಲಬಾರದು."

ಬೊಮ್ಮಣ್ಣ ಗುರುಗಳ ಬುಟ್ಟಿಯ ಕಡೆ ಒಮ್ಮೆ ನೋಡಿ, ಇಳಿದು ಹೋದ.

ಅವನು ಮರೆಯಾಗುವವರೆಗೂ ಮೃಡಯ್ಯ ನೋಡುತ್ತಲೇ ನಿಂತಿದ್ದ. ತುಟಿಯ ಮೇಲೆ ನಗು ಮೂಡಿತ್ತು.

"ಸಂತೋಷವಾಯಿತೇ, ಮೃಡಯ್ಯ?" ಎಂದು ಕೇಳಿದರು ಗುರುಗಳು.

"ಆಯಿತು ಗುರುಗಳೇ. ಬಹಳ ಸಂತೋಷವಾಯಿತು."

ಗುರುಗಳು ಒಂದು ಹೂ ಕಿತ್ತು ಬುಟ್ಟಿಗೆ ಹಾಕಿಕೊಂಡರು.

"ಗಿಡ ಹೂ ಬಿಟ್ಟದ್ದಕ್ಕೋ, ಬೊಮ್ಮಣ್ಣನಿಗೆ ಹೊಟ್ಟೆ ಉರಿದದ್ದಕ್ಕೋ?"