ಕೆರೆಯಂಗಳದ ಹುಲ್ಲು

"ಗುರುಗಳೇ, ನಾಳೆ ರೈತರ ಸಭೆಯಲ್ಲಿ ನಾನು ಕಂಡುಕೊಂಡದ್ದನ್ನು ಹೇಳಬೇಕು. ಹೇಗೆ ಹೇಳಿದರೆ ನಾನು ಪಟ್ಟ ಶ್ರಮ ಅವರಿಗೆ ತಿಳಿದೀತು?" ಎಂದು ಶಿಷ್ಯನೊಬ್ಬ ಕೇಳಿದ. ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಜೋಳ ಏಕೆ ಮುಗ್ಗುತ್ತದೆ ಎಂದು ಅವನು ಊರೂರು ಅಲೆದು ಪರೀಕ್ಷಿಸಿದ್ದ. ಕಾರಣವೂ ಸಿಕ್ಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಪಶುಗಳ ರೋಗಗಳನ್ನು ಚೆನ್ನಾಗಿ ಓದಿಕೊಂಡವನು. ಒಂದು ಗುಡ್ಡದ ಕೆಳಗಿನ ಕುರಿಗಾಹಿಗಳ ಕುರಿಗಳು ಪ್ರತಿ ಚಳಿಗಾಲದಲ್ಲೂ ಬಡಕಲಾಗಿ, ದವಡೆಯ ಕೆಳಗೆ ನೀರು ತುಂಬಿಕೊಂಡು ಸಾಯುತ್ತಿದ್ದವು. ಕುರಿಗಾಹಿಗಳು ಚಳಿಯನ್ನು ಬೈದರು, ದೇವರಿಗೆ ಹರಕೆ ಹೊತ್ತರು. ಪಂಡಿತ ಅವರ ಮಂದೆಗಳ ಹಿಂದೆ ವರ್ಷಗಟ್ಟಲೆ ನಡೆದ. ಕೊನೆಗೊಮ್ಮೆ ಕಾರಣ ಕಂಡ. ಮಳೆ ನಿಂತು ಕೆರೆಯ ನೀರು ಹಿಂದೆ ಸರಿದಾಗ ಅಂಗಳದಲ್ಲಿ ಹಸಿ ಹುಲ್ಲು ಎದ್ದು ನಿಲ್ಲುತ್ತದಲ್ಲ, ರೋಗ ಇದ್ದದ್ದು ಆ ಹುಲ್ಲಿನಲ್ಲಿ. ಮೇಯ್ದ ಕುರಿ ಆಗ ಚೆನ್ನಾಗಿಯೇ ಇರುತ್ತದೆ. ಸಾಯುವುದು ತಿಂಗಳುಗಳು ಕಳೆದ ಮೇಲೆ. ಆದ್ದರಿಂದಲೇ ಯಾರಿಗೂ ಅನುಮಾನ ಬಂದಿರಲಿಲ್ಲ.

ಮಂದೆಗಳು ಕೆರೆಯಂಗಳಕ್ಕೆ ಇಳಿಯುವ ಕಾಲ ಹತ್ತಿರ ಬಂದಿತ್ತು. ಪಂಡಿತ ಓಡೋಡಿ ಬಂದು, ಕುರಿಗಾಹಿಗಳನ್ನೆಲ್ಲ ಸೇರಿಸಿ ಮಾತಿಗೆ ನಿಂತ. ಮೊದಲು ತನ್ನ ಗುರುಪರಂಪರೆಯನ್ನು ಹೇಳಿದ. ಆಮೇಲೆ ತಾನು ಅಲೆದ ಊರುಗಳನ್ನು ಹೇಳಿದ. ಬೇರೆ ಪಂಡಿತರು ಎಲ್ಲೆಲ್ಲಿ ಎಡವಿದ್ದಾರೆ ಎಂಬುದನ್ನೂ ಬಿಡಲಿಲ್ಲ. ಕೂತವರು ಆಕಳಿಸಿದರು, ತಲೆ ಕೆರೆದುಕೊಂಡರು. ಅವರೆಲ್ಲರ ಹಿರಿಯ ಎದ್ದು ಕಂಬಳಿ ಕೊಡವಿದ.

"ಕುರಿ ಹಟ್ಟಿಗೆ ಬರೋ ಹೊತ್ತಾಯ್ತು ಸ್ವಾಮಿ, ಬತ್ತೀವಿ."

"ಕೂತುಕೊಳ್ಳಿ! ಕೆರೆಯಂಗಳದಲ್ಲಿ ಮೇಯಿಸಿ ಮೇಯಿಸಿ ಕುರಿಗಳನ್ನು ಕೊಲ್ಲುತ್ತಿರುವವರು ನೀವೇ!" ಎಂದ ಪಂಡಿತ.

ಪ್ರತಿ ವರ್ಷ ಮಂದೆಗಳನ್ನು ಅಲ್ಲಿಗೆ ಇಳಿಸುತ್ತಿದ್ದವನು ಆ ಹಿರಿಯನೇ. "ನಮ್ಮಪ್ಪಾನೂ ಅಲ್ಲೇ ಮೇಯಿಸ್ದ, ನಾನೂ ಅಲ್ಲೇ ಮೇಯಿಸ್ತೀನಿ. ನೀವು ಒಂದು ಮರೀನಾದ್ರೂ ಸಾಕಿದ್ದೀರಾ?" ಎಂದು ಅವನು ನಡೆದುಬಿಟ್ಟ. ಉಳಿದವರು ಅವನ ಹಿಂದೆ ಹೋದರು. ಪಂಡಿತನ ಎದುರಿಗೆ ಉಳಿದದ್ದು ಒಂದು ನಾಯಿ, ಅದೂ ನಿದ್ದೆ ಹೋಗಿತ್ತು.

ಪಂಡಿತನಿಗೆ ಮೈಯೆಲ್ಲ ಉರಿಯಿತು. ಹಾಳಾಗಿ ಹೋಗಲಿ ಎಂದು ತನ್ನೂರಿನ ದಾರಿ ಹಿಡಿದ. ಸಂಜೆ ಹಟ್ಟಿಗೆಂದು ಗುಡ್ಡದಿಂದ ಇಳಿಯುತ್ತಿದ್ದ ಮಂದೆಯೊಂದು ಎದುರಾಯಿತು. ಹಿಂದೆ ಬಿದ್ದ ಮರಿಯೊಂದು ಬಂದು ಅವನ ಕಾಲಿಗೆ ಒರಗಿ ನಿಂತಿತು. ಅದು ಬರುವ ಚಳಿಗಾಲ ದಾಟುವುದಿಲ್ಲ ಎಂಬುದು ಅಲ್ಲಿ ಅವನೊಬ್ಬನಿಗೇ ಗೊತ್ತು. ಅವನ ಸಿಟ್ಟು ಇಳಿಯಿತು. ಅಷ್ಟು ಹೊತ್ತು ತಾನು ಹೇಳಿದ್ದೇನು ಎಂದು ನೆನೆದುಕೊಂಡ. ಎಲ್ಲವೂ ತನ್ನ ವಿಷಯವೇ. ಕುರಿಯ ಮಾತು ಬಂದದ್ದು ಕಟ್ಟಕಡೆಗೆ, ಅದೂ ಬೈಗುಳವಾಗಿ. ಅವನಿಗೆ ನಾಚಿಕೆಯಾಯಿತು.

ಮಂದೆಗಳು ಕೆರೆಯಂಗಳಕ್ಕೆ ಇಳಿಯುವ ಹಿಂದಿನ ದಿನ ಎಲ್ಲರೂ ಕೂಡಿ ಅಡುಗೆ ಮಾಡುವುದು ಅವರ ವಾಡಿಕೆ. ಆ ದಿನ ಪಂಡಿತ ಮತ್ತೆ ಬಂದ. ಅಡುಗೆಗೆ ಕುರಿ ಕೊಟ್ಟವನು ಹಿರಿಯನ ಭಾವಮೈದುನ. ಜಾಗದ ಜಗಳದಲ್ಲಿ ಮಾತು ಬಿಟ್ಟು, ಹೋದ ವರ್ಷವೆಲ್ಲ ತನ್ನ ಮಂದೆಯನ್ನು ಗುಡ್ಡದಲ್ಲೇ ಇಟ್ಟುಕೊಂಡಿದ್ದವನು ಅವನು. ಈಗಷ್ಟೇ ರಾಜಿಯಾಗಿತ್ತು. ಅದೇ ಬೆಳಗ್ಗೆ ಹಿರಿಯನ ಮಂದೆಯಲ್ಲಿ, ಹೋದ ಚಳಿಗಾಲದಿಂದ ಸೊರಗುತ್ತಲೇ ಇದ್ದ ರೋಗದ ಕುರಿಯೊಂದು ಸತ್ತು ಬಿದ್ದಿತ್ತು.

"ಇದನ್ನೂ ಕೊಯ್ದು ತೋರಿಸುತ್ತೀರಾ ಯಜಮಾನರೇ? ನನ್ನ ಕೈ ನಿಮ್ಮಷ್ಟು ಪಳಗಿಲ್ಲ" ಎಂದು ಪಂಡಿತ ಕೇಳಿಕೊಂಡ.

ಹಿರಿಯ ಕೊಯ್ದ. ಎರಡೂ ಕುರಿಗಳ ಯಕೃತ್ತನ್ನು ಪಂಡಿತ ಮುತ್ತುಗದ ಎಲೆಯ ಮೇಲೆ ಅಕ್ಕಪಕ್ಕ ಇಟ್ಟ. ಅಡುಗೆಯ ಕುರಿಯದು ನುಣ್ಣಗೆ ಕೆಂಪಗಿತ್ತು. ಸತ್ತ ಕುರಿಯದು ಗಡುಸಾಗಿತ್ತು; ಸೀಳಿದರೆ ಚಪ್ಪಟೆ ಹುಳುಗಳು ಹೊರಬಂದವು. ಎಲ್ಲರೂ ಬಗ್ಗಿ ನೋಡಿದರು. ಪಂಡಿತ ಒಂದೇ ಒಂದು ಮಾತು ಕೇಳಿದ.

"ಹೋದ ವರ್ಷ ಮಳೆ ನಿಂತ ಮೇಲೆ ಈ ಎರಡು ಕುರಿ ಎಲ್ಲೆಲ್ಲಿ ಮೇಯ್ದಿದ್ದವು?"

ಕೇಳಿ ಸುಮ್ಮನಾದ. ವರ್ಷಗಟ್ಟಲೆ ಅಲೆದು ಕಂಡುಕೊಂಡ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿಕೊಂಡು ಕೂತ. ಅವನು ಪಟ್ಟ ಶ್ರಮದಲ್ಲೆಲ್ಲ ದೊಡ್ಡ ಶ್ರಮ ಅದೇ, ಎಂದರು ಗುರುಗಳು.

ಕುರಿಗಾಹಿಗಳು ತಾವೇ ಮಾತಿಗೆ ತೊಡಗಿದರು. ಯಾರ ಮಂದೆ ಎಲ್ಲಿತ್ತು, ಯಾರ ಹಟ್ಟಿಯಲ್ಲಿ ಹೆಚ್ಚು ಸತ್ತವು ಎಂದು ಒಬ್ಬೊಬ್ಬರೇ ನೆನಪು ಮಾಡಿಕೊಂಡರು. ಗುಡ್ಡದಲ್ಲಿದ್ದವು ಉಳಿದಿದ್ದವು. ಕೆರೆಯಂಗಳಕ್ಕೆ ಇಳಿದವು ಸತ್ತಿದ್ದವು. ಎಲ್ಲರೂ ಹಿರಿಯನ ಮುಖ ನೋಡಿದರು. ಅವನು ಬಹಳ ಹೊತ್ತು ಕತ್ತಿ ಒರೆಸುತ್ತಲೇ ಇದ್ದ.

"ಆ ಹುಲ್ಲಿನ ಮ್ಯಾಲೆ ನಂಗೆ ಮೊದ್ಲಿಂದ್ಲೂ ಗುಮಾನಿ ಇತ್ತು ಕಣ್ರಪ್ಪಾ. ಮೇವು ಕಮ್ಮಿ ಆದ್ರೂ ಆಗ್ಲಿ, ಈ ಸಲ ಗುಡ್ಡದಲ್ಲೇ ಇರಾಣ" ಎಂದ ಹಿರಿಯ. ಆಮೇಲೆ ಪಂಡಿತನ ಕಡೆ ತಿರುಗಿದ. "ಅಂದಂಗೆ ಸ್ವಾಮಿ, ನೀವೇನೋ ಹೇಳ್ಬೇಕು ಅಂತ ಬಂದಿದ್ರಲ್ಲ?"

"ಈಗ ನೀವು ಹೇಳಿದಿರಲ್ಲ ಯಜಮಾನರೇ, ಅದನ್ನೇ" ಎಂದ ಪಂಡಿತ. ಅವರ ಜೊತೆ ಕೂತು ಊಟ ಮಾಡಿ, ಸಂತೋಷವಾಗಿ ತನ್ನೂರಿಗೆ ಹೋದ.

ಕತೆ ಮುಗಿಸಿ ಗುರುಗಳು, ಆ ಪಂಡಿತ ಎದುರಿಗಿದ್ದಾನೆ ಎಂಬಂತೆ, ಕೈಮುಗಿದರು. ಶಿಷ್ಯನಿಗೂ ಮನಸ್ಸು ತುಂಬಿ ಬಂತು.

"ಅಂಥ ದೊಡ್ಡವರ ಹೆಸರೇನು ಗುರುಗಳೇ?"

"ಆ ಕುರಿಗಾಹಿಗಳನ್ನೂ ಕೇಳಿ ನೋಡಿದೆ, ಯಾರಿಗೂ ಗೊತ್ತಿಲ್ಲ, ಮಳೆ ನಿಂತ ಮೇಲೆ ಅವರ ಕುರಿ ಮಾತ್ರ ಇವತ್ತಿಗೂ ಗುಡ್ಡದಲ್ಲೇ ಮೇಯುತ್ತವೆ."