ಮೂವತ್ತೆಂಟು ಅರ್ಜಿಗಳ ಸಾರಾಂಶ

ಪುರಸಭೆಯ ಟಪಾಲು ಕೋಣೆಯಲ್ಲಿ ಒಬ್ಬನೇ ಗುಮಾಸ್ತನಿದ್ದ. ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ. ಬಂದ ಕಾಗದಗಳನ್ನು ಓದುವುದೇ ಅವನ ಮಾತುಕತೆ.

ಒಂದು ಬೆಳಿಗ್ಗೆ ಹೊಸ ಮುಖ್ಯಾಧಿಕಾರಿ ಅವನ ಮೇಜಿನ ಮೇಲೆ ದಪ್ಪ ಫೈಲೊಂದನ್ನು ಎಸೆದರು. ಹೊಲಿಗೆ ಕೆಲಸದ ದೇವೀರಮ್ಮ ತಮ್ಮ ಬೀದಿಯ ದೀಪಕ್ಕಾಗಿ ಆರು ವರ್ಷದಲ್ಲಿ ಬರೆದ ಮೂವತ್ತೆಂಟು ಅರ್ಜಿಗಳು ಅದರಲ್ಲಿದ್ದವು.

"ಜಿಲ್ಲಾ ಕಚೇರಿಯವರು ವರದಿ ಕೇಳಿದ್ದಾರೆ. ಇದನ್ನೆಲ್ಲ ಓದೋಕೆ ನನಗೆ ಪುರುಸೊತ್ತಿಲ್ಲ. ಸಾರಾಂಶ ಮಾಡೋ ತಂತ್ರಾಂಶ ಹಾಕಿಸಿದ್ದೀನಲ್ಲ, ಅದಕ್ಕೆ ಕೊಡು. ಎರಡು ಸಾಲು ಸಾಕು, ಸಹಿ ಹಾಕ್ತೀನಿ."

"ಪೂರ್ತಿ ಫೈಲೇ ಕೊಡಲಾ, ಸಾರ್?"

"ಪೂರ್ತಿ."

ಗುಮಾಸ್ತ ಅರ್ಜಿಗಳ ಜೊತೆಗೆ ಕಚೇರಿ ಕಳಿಸಿದ್ದ ಮೂವತ್ತೆಂಟು ಉತ್ತರಗಳನ್ನೂ ಕಂಪ್ಯೂಟರಿಗೆ ಕೊಟ್ಟ. ಎರಡು ಸಾಲು ಬಂದವು.

'ಅರ್ಜಿದಾರರು: ದೀಪ ಉರಿಯುತ್ತಿಲ್ಲ.
ಕಚೇರಿ: ನಿಮ್ಮ ಪತ್ರ ತಲುಪಿದೆ.'

ಅಧಿಕಾರಿ ಅದನ್ನು ಎರಡು ಸಲ ಓದಿದರು. "ಇದನ್ನ ಮೇಲಕ್ಕೆ ಕಳಿಸೋಕಾಗುತ್ತೇನಯ್ಯ?"

"ತಾರೀಕುಗಳನ್ನೆಲ್ಲ ಸೇರಿಸಿ ಸ್ವಲ್ಪ ಉದ್ದ ಮಾಡಲಾ, ಸಾರ್?"

ಅಧಿಕಾರಿ ಬೇಡವೆಂದು ಕೈಯಾಡಿಸಿ, ಲೈನ್‌ಮನ್‌ಗೆ ಫೋನ್ ಮಾಡಿದರು. ಸಂಜೆಯ ಹೊತ್ತಿಗೆ ದೀಪ ಹತ್ತಿತು. "ದೀಪ ಉರಿಯುತ್ತಿದೆ ಅಂತ ಒಂದೇ ಸಾಲು ಬರಿ," ಎಂದರು.

ಆಮೇಲೆ ದೇವೀರಮ್ಮನ ಅರ್ಜಿಗಳು ನಿಂತುಹೋದವು. ಗುಮಾಸ್ತ ಮೂರು ತಿಂಗಳು ಕಾದ. ಕೊನೆಗೆ ಒಂದು ಭಾನುವಾರ ಅವರ ಮನೆ ಹುಡುಕಿಕೊಂಡು ಹೋದ. ಬಾಗಿಲಲ್ಲಿ ನಿಂತು, "ಬೆಕ್ಕಿನ ಕಾಲು ವಾಸಿಯಾಯ್ತಾ?" ಎಂದು ಕೇಳಿದ. ಕೊನೆಯ ಅರ್ಜಿಯ ತುದಿಯಲ್ಲಿ ಅವರು ಬರೆದಿದ್ದ, ಸಾರಾಂಶದಲ್ಲಿ ಬಿಟ್ಟುಹೋಗಿದ್ದ ವಿಷಯವದು.

ದೇವೀರಮ್ಮ ಅವನನ್ನೇ ನೋಡುತ್ತ ನಿಂತರು. "ಹೇಗೂ ಯಾರೂ ಓದಲ್ಲ ಅಂತ ಅದನ್ನೆಲ್ಲ ಬರೀತಿದ್ದೆ," ಎಂದರು. ಆಮೇಲೆ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿಟ್ಟು, ಅವನಿಗೆ ಕೂರಲು ಜಾಗ ಮಾಡಿದರು.