ಎಣಿಕೆ ಸರಿಯಿದ್ದ ರಕ್ತ

“ರೋಗಾಣುವಿನ ಗುರುತು ಹಿಡಿದ ಮೇಲೂ ಒಂದು ಟಿ ಕೋಶ ಸುಮ್ಮನೆ ಕೂತಿರುವುದು ಹೇಗೆ ಸಾಧ್ಯ, ಮೇಡಂ?” ಎಂದು ತಿಪ್ಪೇಶ ಕೇಳಿದ.

ಅವನು ವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆಗೆ ಸೇರಿದ ವಿದ್ಯಾರ್ಥಿ. ರಕ್ತದಲ್ಲಿ ತಿರುಗುತ್ತ ರೋಗಾಣುಗಳನ್ನು ಪತ್ತೆಹಚ್ಚುವ ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳೂ ಒಂದು ಬಗೆ ಎಂಬುದು ಅವನಿಗೆ ಗೊತ್ತಿತ್ತು. ಪತ್ತೆಯಾದ ಸುದ್ದಿಯನ್ನು ಕೋಶದ ಹೊರಮೈಯಿಂದ ಒಳಕ್ಕೆ ದಾಟಿಸುವ ಟೈರೋಸಿನ್ ಕೈನೇಸ್ ಎಂಬ ಪ್ರೋಟೀನುಗಳ ಹೆಸರನ್ನೂ ಬಾಯಿಪಾಠ ಮಾಡಿದ್ದ. ನಡುವೆ ಇಷ್ಟೊಂದು ಪ್ರೋಟೀನುಗಳು ಯಾಕೆ ಎಂಬುದು ಮಾತ್ರ ಹೊಳೆದಿರಲಿಲ್ಲ. ಅವನ ಗುರು ಪ್ರಭಾವತಿ ಕಲ್ಮಠ ಹಲಗೆಯ ಮೇಲೆ ಏನನ್ನೂ ಬರೆಯಲಿಲ್ಲ. ಒಂದು ಕತೆ ಹೇಳಿದರು.

ಒಂದು ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಇದ್ದಳು. ಓದಿನಲ್ಲಿ ಮುಂದು, ಕೆಲಸದಲ್ಲಿ ಚುರುಕು. ಒಂದು ದಿನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಏಳು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಬಂದಳು. ಮಗುವಿಗೆ ಕೆಮ್ಮು ಬಿಡುತ್ತಿರಲಿಲ್ಲ, ಭೇದಿ ನಿಲ್ಲುತ್ತಿರಲಿಲ್ಲ, ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ವೈದ್ಯೆ ರಕ್ತ ಪರೀಕ್ಷೆ ಮಾಡಿಸಿದಳು. ಬಿಳಿ ಕಣಗಳ ಎಣಿಕೆ ಸರಿಯಾಗಿತ್ತು. ಹಿರಿಯ ವೈದ್ಯರು ವರದಿ ನೋಡಿ, ಗಾಬರಿಪಡುವಂಥದ್ದೇನಿಲ್ಲ ಎಂದರು.

ಆದರೆ ಮಗುವಿನ ಅಂಗಿ ತೆಗೆದಾಗ ವೈದ್ಯೆ ಒಂದು ಗಾಯವನ್ನು ಕಂಡಿದ್ದಳು. ಹುಟ್ಟಿದಾಗ ಎಡತೋಳಿಗೆ ಹಾಕಿದ ಕ್ಷಯದ ಲಸಿಕೆಯ ಹುಣ್ಣು ಏಳು ತಿಂಗಳಾದರೂ ಮಾಗಿರಲಿಲ್ಲ. ಕಂಕುಳಲ್ಲಿ ಗಂಟು ಕಟ್ಟಿತ್ತು. ಇದು ಸಾಮಾನ್ಯವಲ್ಲ ಎಂದು ಅವಳ ಮನಸ್ಸಿಗೆ ಬಂತು. ಹೊರಗೆ ನಲವತ್ತು ಜನ ಕಾದಿದ್ದರು. ಹಿರಿಯರು ಹೇಳುವುದನ್ನು ಹೇಳಿಯಾಗಿತ್ತು. ಅವಳು ಔಷಧಿ ಬರೆದುಕೊಟ್ಟು ಮುಂದಿನವರನ್ನು ಕರೆದಳು.

ಮೂರು ವಾರ ಬಿಟ್ಟು ತಾಯಿ ಮತ್ತೆ ಬಂದಳು. ತನ್ನ ಸೋದರಮಾವನನ್ನೇ ಮದುವೆಯಾಗಿರುವುದಾಗಿಯೂ, ಇವನಿಗಿಂತ ಮೊದಲು ಹುಟ್ಟಿದ ಗಂಡುಮಗು ಹೀಗೇ ಕೆಮ್ಮಿ ಕೆಮ್ಮಿ ತೀರಿಕೊಂಡಿತೆಂದೂ, ಅದಕ್ಕೂ ಮೊದಲಿನ ಹುಡುಗಿ ಮಾತ್ರ ಗಟ್ಟಿಯಾಗಿದ್ದಾಳೆಂದೂ ಹೇಳಿದಳು. ಎಣಿಕೆ ಮತ್ತೆ ಸರಿಯಾಗಿತ್ತು. ವೈದ್ಯೆ ಔಷಧಿ ಬದಲಿಸಿದಳು. ಮೂರನೆಯ ಸಲ ಬಂದಾಗ ಮಗುವಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. ಆಗಲೂ ವೈದ್ಯೆ ವರದಿಯನ್ನು ತಾಯಿಯ ಮುಂದಿಟ್ಟು ರಕ್ತದಲ್ಲಿ ಯಾವ ಕೊರತೆಯೂ ಇಲ್ಲವೆಂದಳು.

ತಾಯಿ ವರದಿಯನ್ನು ಮುಟ್ಟಲಿಲ್ಲ. “ಡಾಕ್ಟರಮ್ಮ, ಭಟ್ಟಿಗೆ ಅಕ್ಕಿ ಬಂದಾಗ ಎಷ್ಟು ಮೂಟೆ ಅಂತ ಮಾತ್ರ ನಾವು ನೋಡೋದಿಲ್ಲ. ಒಂದು ಹಿಡಿ ತಗೊಂಡು ಕಾದ ಮರಳಿಗೆ ಹಾಕಿ, ಅರಳುತ್ತಾ ಅಂತ ನೋಡ್ತೀವಿ. ನನ್ನ ಮಗನ ರಕ್ತಾನ ನೀವು ಬರೀ ಎಣಿಸ್ತಾ ಇದ್ದೀರಿ,” ಎಂದಳು.

ವೈದ್ಯೆ ವರದಿಯನ್ನು ಮಡಚಿ ಬದಿಗಿಟ್ಟಳು. ಅವಳು ಮಗುವನ್ನು ಆಸ್ಪತ್ರೆಗೆ ಸೇರಿಸಿಕೊಂಡಳು. ರಕ್ತ ತೆಗೆದು, ರಜೆ ಹಾಕಿ, ತಾನೇ ಬಸ್ಸು ಹತ್ತಿ ದೊಡ್ಡ ಊರಿನ ಒಂದು ಪ್ರಯೋಗಾಲಯಕ್ಕೆ ಒಯ್ದಳು.

ಅಲ್ಲಿನ ವಿಜ್ಞಾನಿ ಟಿ ಕೋಶಗಳನ್ನು ಬಗೆ ಬಗೆಯಾಗಿ ವಿಂಗಡಿಸಿದರು. ಸೋಂಕು ತಗುಲಿದ ಕೋಶವನ್ನು ಕೊಲ್ಲುವ ಬಗೆ ಹೆಚ್ಚುಕಡಿಮೆ ಇರಲೇ ಇಲ್ಲ. ಬೇರೆ ಕೋಶಗಳಿಗೆ ನೆರವಾಗುವ ಬಗೆ ಬೇಕಾದಷ್ಟಿತ್ತು. ಒಟ್ಟು ಎಣಿಕೆ ಸರಿಬರುತ್ತಿದ್ದುದು ಅದರಿಂದ. ಆ ಕೋಶಗಳ ಹೊರಮೈಯಲ್ಲಿ ಗುರುತು ಹಿಡಿಯುವ ಭಾಗವನ್ನು ಕೆಣಕಿ ಮೂರು ದಿನ ಕಾದರು. ಒಂದು ಕೋಶವೂ ಒಡೆದು ಎರಡಾಗಲಿಲ್ಲ. ಇನ್ನೊಂದು ಬಟ್ಟಲಿಗೆ, ಹೊರಮೈಯ ಹಂಗಿಲ್ಲದೆ ನೇರ ಒಳಗೇ ಕೆಲಸ ಮಾಡುವ ರಾಸಾಯನಿಕ ಹಾಕಿದರು. ಅಲ್ಲಿ ಕೋಶಗಳು ಬೆಳೆದು ಬಟ್ಟಲು ತುಂಬಿದವು.

ವಿಜ್ಞಾನಿ ವೈದ್ಯೆಯನ್ನು ಕೂರಿಸಿ ಬಿಡಿಸಿ ಹೇಳಿದರು. ಕೋಶಕ್ಕೆ ಗುರುತು ಸಿಗುತ್ತಿದೆ. ಸಿಕ್ಕ ಕೂಡಲೇ ಎಲ್‌ಸಿಕೆ ಎಂಬ ಮೊದಲ ಕೈನೇಸ್ ಗುರುತು ಹಿಡಿದ ಆ ಭಾಗದ, ಅಂದರೆ ಗ್ರಾಹಕದ, ಒಳಬದಿಯ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಝ್ಯಾಪ್-70 ಎಂಬ ಎರಡನೆಯದು ಅದರ ಮೇಲೆ ಬಂದು ಕೂತು, ತಾನು ಎಚ್ಚೆತ್ತು, ಮುಂದಿನ ಪ್ರೋಟೀನಿಗೆ ಸುದ್ದಿ ದಾಟಿಸಬೇಕು. ಈ ಮಗುವಿನಲ್ಲಿ ಆ ಎರಡನೆಯದು ಇಲ್ಲ. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳು ಬಲಿಯುವುದಕ್ಕೂ ಅದೇ ಬೇಕು. ಅದಿಲ್ಲದೆ ಒಂದು ಬಗೆ ಬಲಿಯಲೇ ಇಲ್ಲ. ಇನ್ನೊಂದು ಬಲಿತು ಹೊರಗೆ ಬಂತು, ಆದರೆ ಬಂದು ಸುಮ್ಮನೆ ಕೂತಿತು.

ಜೀನ್ ಪರೀಕ್ಷೆಯಲ್ಲೂ ಅದೇ ಕಂಡಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿದ್ದ ಝ್ಯಾಪ್-70 ಜೀನಿನ ಎರಡು ಪ್ರತಿಗಳೂ ಕೆಟ್ಟಿದ್ದವು. ಅಕ್ಕನ ಅಸ್ಥಿಮಜ್ಜೆ ತಮ್ಮನಿಗೆ ಹೊಂದಿತು. ಆರು ವರ್ಷದ ಆ ಹುಡುಗಿ ಸೂಜಿಗೆ ಹೆದರಿದಳು, ಆದರೂ ಕೊಟ್ಟಳು. ಮಗು ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದು ಬದುಕಿತು. ಆದರೆ ರೋಗ ಪತ್ತೆಯಾಗುವಷ್ಟರಲ್ಲೇ, ಲಸಿಕೆಯಲ್ಲಿ ಬಲಗುಂದಿಸಿ ಜೀವಂತವಾಗಿಯೇ ಹಾಕುವ ರೋಗಾಣು ಎಡಗಾಲಿನ ಮೂಳೆಗೆ ಇಳಿದಿತ್ತು. ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಕುಂಟುತ್ತಾನೆ.

ಮನೆಗೆ ಕಳಿಸುವ ದಿನ ವೈದ್ಯೆ ತಾಯಿಗೆ ನಿಜ ಹೇಳಿದಳು. ಮೊದಲ ದಿನವೇ ತನಗೆ ಅನುಮಾನ ಬಂದಿತ್ತೆಂದೂ, ಅಂದೇ ಕದಲಿದ್ದರೆ ಕಾಲು ಕೆಡದೆ ಉಳಿಯುತ್ತಿತ್ತೇನೋ ಎಂದೂ ಹೇಳಿದಳು. ತಾಯಿ ಕೇಳಿಸಿಕೊಂಡಳು. ಮಗುವಿನ ಕಾಲಿನ ಪಟ್ಟಿಯನ್ನು ಸರಿಮಾಡಿದಳು. ಮುಂದಿನ ತಪಾಸಣೆಗೆ ಯಾವತ್ತು ಬರಬೇಕು ಎಂದು ಮಾತ್ರ ಕೇಳಿ ಹೊರಟಳು.

ಪ್ರಭಾವತಿ ಕತೆ ನಿಲ್ಲಿಸಿದರು. ತಿಪ್ಪೇಶ ತಾನು ಬರೆದುಕೊಂಡದ್ದನ್ನು ಒಮ್ಮೆ ಓದಿದ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಆದರೂ ಅವನಿಗೆ ಸಮಾಧಾನವಾಗಲಿಲ್ಲ.

“ಆ ಕೋಶಗಳಲ್ಲಿ ಝ್ಯಾಪ್-70 ಇರಲಿಲ್ಲ, ಅದು ಅರ್ಥವಾಯಿತು. ಆ ವೈದ್ಯೆಯಲ್ಲಿ ಏನಿರಲಿಲ್ಲ, ಮೇಡಂ?”

“ಆವತ್ತು ನನ್ನಲ್ಲಿ ಏನಿರಲಿಲ್ಲ ಎಂದು ಪತ್ತೆಹಚ್ಚುವ ಪರೀಕ್ಷೆ ನನಗೆ ಇವತ್ತಿಗೂ ಸಿಕ್ಕಿಲ್ಲ, ತಿಪ್ಪೇಶ.”